ಕನ್ನಡಕದಲ್ಲಿ ಕ್ಯಾಮೆರಾ: ನಾನೇ ಅತಿ ಮಾಡಿದೆನಾ?

ಪ್ರಶ್ನೆ: ನಿನ್ನೆ ಗೆಳೆಯ ಸ್ಮಾರ್ಟ್ ಕನ್ನಡಕ ಹಾಕ್ಕೊಂಡು ಮನೆಗೆ ಬಂದಿದ್ದ. ಅರ್ಧ ಗಂಟೆ ಹರಟಿದ ಮೇಲೆ ಫ್ರೇಮಿನ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಬಿಳಿ ದೀಪ ಕಂಡಿತು. ರೆಕಾರ್ಡ್ ಆಗ್ತಿತ್ತಂತೆ! ಮಗಳು ಪಕ್ಕದಲ್ಲೇ ಹೋಂವರ್ಕ್ ಮಾಡ್ತಿದ್ದಳು. ತೆಗೆದಿಡು ಅಂದಿದ್ದಕ್ಕೆ ಮುನಿಸಿಕೊಂಡು ಹೋದ.

ಉತ್ತರ 1: ಅತಿ ಏನಲ್ಲ. 2024ರಲ್ಲಿ ಹಾರ್ವರ್ಡ್‌ನ ಇಬ್ಬರು ವಿದ್ಯಾರ್ಥಿಗಳು ಇಂಥದ್ದೇ ಕನ್ನಡಕಕ್ಕೆ ಮುಖ ಹುಡುಕುವ ತಂತ್ರಾಂಶ ಜೋಡಿಸಿ, ಅಪರಿಚಿತರ ಹೆಸರು, ವಿಳಾಸ ಪತ್ತೆಹಚ್ಚಿ ತೋರಿಸಿದ್ದರು. ಜನರನ್ನು ಎಚ್ಚರಿಸಲೆಂದೇ ಮಾಡಿದ್ದು, ಕೋಡ್ ಹೊರಬಿಡಲಿಲ್ಲ.

ಉತ್ತರ 2: ಎಆರ್ ಹೆಡ್‌ಸೆಟ್ಟು, ಅಂದ್ರೆ ಎದುರಿನ ನಿಜವಾದ ಜಾಗದಲ್ಲಿ ಕಂಪ್ಯೂಟರ್ ಚಿತ್ರ ಸೇರಿಸಿ ತೋರಿಸೋ, ತಲೆಗೆ ಹಾಕೋ ಸಾಧನ, ಇನ್ನೂ ಒಂದು ಕೈ ಮೇಲೆ. ಮೇಜಿನ ಮೇಲೆ ಬೊಂಬೆ ನಿಲ್ಲಿಸಿ ತೋರಿಸಬೇಕಾದರೆ ಅದು ಕೋಣೆಯನ್ನೇ ಅಳೀಬೇಕು. ಕೆಲವು ಕಣ್ಣು ಎಲ್ಲಿ ಹೊರಳುತ್ತೆ ಅಂತಲೂ ನೋಡ್ತವೆ.

ಕೇಳಿದವರು: ಅಯ್ಯೋ! ಮೊದಲು ಆ ವಿಡಿಯೊ ಅಳಿಸಿಸ್ತೀನಿ. ಮುನಿಸು ಆಮೇಲೆ.