ಕೆರೆ ತೂಬು ಸೋರುತ್ತಿದೆ, ರಿಪೇರಿ ಮಾಡಿಸಿದವರು ಯಾರಾದ್ರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಿಂದ ಬರೆಯುತ್ತಿದ್ದೇನೆ. ತುಂಗಭದ್ರಾ ಕಾಲುವೆ ನಮ್ಮೂರಿಗೆ ಬಂದಿಲ್ಲ, ಇರೋದು ಹಳೇ ಕೆರೆ ಒಂದೇ. ಹಿಂಗಾರಿ ಮಳೆಗೆ ಅರ್ಧ ತುಂಬಿದೆ, ಆದರೆ ತೂಬಿನ (ಹೊಲಕ್ಕೆ ನೀರು ಬಿಡುವ ಬಾಗಿಲಿನ) ಬುಡದಲ್ಲಿ ಸೋರಿಕೆ. ಚೀಲಕ್ಕೆ ಮಣ್ಣು ತುಂಬಿ ಹುಲ್ಲು ಸೇರಿಸಿ ತುರುಕಿದ್ದೇವೆ, ಆದರೂ ಏರಿ ಹಿಂದೆ ನೀರು ಜಿನುಗುತ್ತಲೇ ಇದೆ, ಮೊದಲು ತಿಳಿಯಾಗಿ ಬರುತ್ತಿದ್ದದ್ದು ಈಗ ಕೆಂಪಗೆ ಬರುತ್ತಿದೆ. ಅಂದರೆ ಏರಿ ಒಳಗಿನ ಮಣ್ಣೇ ಕೊಚ್ಚಿ ಬರುತ್ತಿದೆ ಅಂತ ಅಲ್ವಾ? ಅದೇ ಭಯ.

ನೀರು ಇರುವಾಗಲೇ ತಾತ್ಕಾಲಿಕವಾಗಿ ಏನು ಮಾಡಬಹುದು? ಜಿನುಗುವ ಜಾಗಕ್ಕೆ ಮರಳು, ಮೇಲೆ ಜಲ್ಲಿ ಹಾಕಿದರೆ ನೀರು ಹೋಗಿ ಮಣ್ಣು ನಿಲ್ಲುತ್ತದೆ ಅಂತಾರೆ, ಮಾಡಿ ನೋಡಿದವರು ಹೇಳಿ. ಕೆಳಗಿನ ಶೇಂಗಾದವರು ನೀರು ಬಿಡಿ ಅಂತಾರೆ, ಮೀನು ಗುತ್ತಿಗೆ ಹಿಡಿದವರು ಬೇಡ ಅಂತಾರೆ (ಆ ಜಗಳ ಬೇರೆ, ಬಿಡಿ).

ಇನ್ನೊಂದು. ಅಚ್ಚುಕಟ್ಟು (ಕೆರೆ ನೀರು ಹಾಯುವ ಜಮೀನು) 40 ಹೆಕ್ಟೇರ್ ದಾಟಿದರೆ ಸಣ್ಣ ನೀರಾವರಿ ಇಲಾಖೆ, ಕಡಿಮೆ ಇದ್ದರೆ ಪಂಚಾಯಿತಿ ಕಡೆ. ನಮ್ಮದು ಹೆಚ್ಚುಕಮ್ಮಿ ಅಷ್ಟರಲ್ಲೇ ಇದೆ. ಯಾರ ಸುಪರ್ದಿ ಅಂತ ತಿಳಿಯೋಕೆ ಯಾವ ದಾಖಲೆ ಕೇಳಬೇಕು?

ಬೇಸಿಗೆಗೆ ಕೆರೆ ಒಣಗಿದಾಗ ಉದ್ಯೋಗ ಖಾತ್ರಿಯಲ್ಲಿ ಹೂಳು ತೆಗೆಸುವ ಆಸೆಯೂ ಇದೆ. ನಮ್ಮದು ಮಸಾರಿ (ಕೆಂಪು ಮಣ್ಣಿನ) ಹೊಲ, ತೇವ ನಿಲ್ಲೋದಿಲ್ಲ, ಕೆರೆ ಮಣ್ಣು ಬೇಕೇ ಬೇಕು. ಎಕರೆಗೆ ಎಷ್ಟು ಟ್ರ್ಯಾಕ್ಟರ್ ಹೊಡೆಸಿದಿರಿ? ತೂಬಿನ ಫೋಟೋ ಕಾಮೆಂಟಿನಲ್ಲಿ ಹಾಕುತ್ತೇನೆ. ಕೊಪ್ಪಳ, ರಾಯಚೂರು ಕಡೆ ತೂಬು ಕಟ್ಟುವ ಅನುಭವಿ ಮೇಸ್ತ್ರಿ ಗೊತ್ತಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ, ಸ್ವಲ್ಪ ಬೇಗ.