ವಿಷಯ: ಗ್ರಂಥಾಲಯದ ಬೋರ್ಡಿಗೆ ‘ಅಪವಾದ’ವೋ ‘ವಿನಾಯಿತಿ’ಯೋ? ತುರ್ತು

ನಮಸ್ಕಾರ. ನಮ್ಮ ಸಾರ್ವಜನಿಕ ಗ್ರಂಥಾಲಯದ ಜೆರಾಕ್ಸ್ ಮಷೀನಿನ ಪಕ್ಕ ಬೋರ್ಡ್ ಬರೆಸಬೇಕು. ಪೇಂಟರ್ ನಾಳೆ ಬೆಳಿಗ್ಗೆ ಬರುತ್ತಾನೆ, ಅಕ್ಷರಕ್ಕಿಷ್ಟು ಅಂತ ಲೆಕ್ಕ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 52ನೇ ಕಲಮಿನಂತೆ, ದೇಶದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕದ 3 ಪ್ರತಿಗಳವರೆಗೆ ಗ್ರಂಥಾಲಯದ ಬಳಕೆಗೆ ನಾವೇ ಮಾಡಿಕೊಳ್ಳಬಹುದು. ಕರಡಿನಲ್ಲಿ ‘ಕೃತಿಸ್ವಾಮ್ಯದ ಅಪವಾದಗಳು’ ಅಂತ ಬರೆದಿದ್ದೆ. ಅಟೆಂಡರ್ ಓದಿ, “ಯಾರ ಮೇಲೆ ಸಾರ್ ಅಪವಾದ?” ಅಂದ. ಒಂದು ಪದ ಕೊಡಿ.

ಉತ್ತರ, ಮೈಸೂರು:
ಅಪವಾದವೇ ಸರಿ. ಉತ್ಸರ್ಗ, ಅಂದರೆ ಸಾಮಾನ್ಯ ನಿಯಮ, ಇದ್ದಲ್ಲಿ ಅಪವಾದ. ಅಟೆಂಡರಿಗಾಗಿ ಶಾಸ್ತ್ರ ತಿದ್ದಲಾಗದು.

ಉತ್ತರ, ಸಾಗರ:
ಬೋರ್ಡ್ ಓದುವವರು ಪಾಣಿನೀಯರೇ? ‘ಹೊರ’ದಿಂದ ಬಂದ ‘ಹೊರತು’ ಮನೆಯಲ್ಲೇ ಇದೆ. ‘ಹೊರತುಗಳು’ ಎನ್ನಿ.

ಉತ್ತರ, ಧಾರವಾಡ:
ಅವ್ಯಯಕ್ಕೆ ‘ಗಳು’ ಹಚ್ಚಿದ ಪುಣ್ಯಾತ್ಮರಿಗೆ ಶರಣು. ಜನ ಅನ್ನೋದು ವಿನಾಯಿತಿ. ಮುಗೀತು.

ಉತ್ತರ, ಬೆಂಗಳೂರು:
ಮುಗಿಯಲಿಲ್ಲ. ಶುಲ್ಕ ವಿನಾಯಿತಿ, ಹಾಜರಿ ವಿನಾಯಿತಿ: ಇರುವ ಹೊಣೆಯಿಂದ ಯಾರೋ ದೊಡ್ಡವರು ದಯೆತೋರಿ ಬಿಡುವುದು. 52ನೇ ಕಲಮಿನ ತಲೆಬರಹದಲ್ಲಿ ಆ ಧಾಟಿಯೇ ಇಲ್ಲ. ಕೆಲವು ಕೆಲಸಗಳು ಉಲ್ಲಂಘನೆಯಲ್ಲ ಅಂತಷ್ಟೇ ಇದೆ. ಕೃತಿಸ್ವಾಮ್ಯವೇನು ದೈವದತ್ತ ಹಕ್ಕಲ್ಲ ಅಂತ 2016ರಲ್ಲಿ ದೆಹಲಿ ಹೈಕೋರ್ಟೇ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಪ್ರಕರಣದಲ್ಲಿ ಹೇಳಿತು. ಹಾಗಿರುವಾಗ ಗ್ರಂಥಾಲಯದವರು ಕೈಮುಗಿದು ವಿನಾಯಿತಿ ಬೇಡುವ ಪದ ಏಕೆ? ನಾಮಪದ ಹುಡುಕಬೇಡಿ, ಕ್ರಿಯಾಪದದಲ್ಲಿ ಹೇಳಿ: ‘ಹೀಗೆ ಪ್ರತಿ ಮಾಡಬಹುದು.’ ನಿಮ್ಮಲ್ಲಿ ಅಚ್ಚಿನ ಪ್ರತಿ ಇದ್ದರೆ ಅದನ್ನು ಕಾಪಿಡಲು ಸ್ಕ್ಯಾನ್ ಮಾಡಿಡುವುದಕ್ಕೂ 2012ರ ತಿದ್ದುಪಡಿಯಲ್ಲಿ ಜಾಗವಿದೆ. ಅದನ್ನು ಓದುಗರ ವಾಟ್ಸಾಪಿಗೆ ದೂಡುವುದು ಬೇರೆ ಮಾತು.

ಉತ್ತರ, ಮೈಸೂರು:
ಅದಿರಲಿ, ಯಾರೂ ‘ಹಕ್ಕುಸ್ವಾಮ್ಯ’ ಎನ್ನದಿರುವುದು ಸಮಾಧಾನ. ಹಕ್ಕು ಅರಬ್ಬಿ, ಸ್ವಾಮ್ಯ ಸಂಸ್ಕೃತ. ಅರಿಸಮಾಸಕ್ಕಿಂತ ಕಡೆ.

ಉತ್ತರ, ಧಾರವಾಡ:
‘ಕಾಯ್ದೆ’ ಅರಬ್ಬಿ, ‘ಕಲಮು’ ಅರಬ್ಬಿ. ಎರಡೂ ಬಿಟ್ಟು ಒಂದು ವಕಾಲತ್ತು ಬರೀರಿ ನೋಡೂಣು. ‘ವಕಾಲತ್ತೂ’ ಬಿಡ್ರಿ.

ಉತ್ತರ, ಸಾಗರ:
‘ಕಟ್ಟಳೆ’ ಇದೆಯಲ್ಲ.

ಕೇಳಿದವರು:
ಪೇಂಟರ್ ಬಂದು ಹೋದ. ಬರೆಸಿದ್ದು ಇಷ್ಟು: ‘ಪೇಟೆಯಲ್ಲಿ ಸಿಗುವ ಪುಸ್ತಕ ಪೂರ್ತಿ ಜೆರಾಕ್ಸ್ ಮಾಡಿಕೊಡುವುದಿಲ್ಲ. ನಿಮ್ಮ ಓದಿಗೆ ಬೇಕಾದ ಕೆಲವು ಪುಟ ಕೇಳಬಹುದು.’ 3 ಪ್ರತಿಯ ಮಾತು ನಮ್ಮ ರಿಜಿಸ್ಟರಿನಲ್ಲಿದ್ದರೆ ಸಾಕು ಅನ್ನಿಸಿತು. ಅಟೆಂಡರಿಗೆ ಒಪ್ಪಿಗೆ. ಎಲ್ಲರಿಗೂ ವಂದನೆ.

ಉತ್ತರ, ಸಾಗರ:
ಜೆರಾಕ್ಸ್ ಕಂಪನಿಯ ಹೆಸರು. ‘ನೆರಳಚ್ಚು’ ಎಂದು ಬರೆಸಬೇಕಿತ್ತು.