ಹಾವೇರಿ ಲೋಕಸಭಾ ಕ್ಷೇತ್ರದ ಚರಿತ್ರೆ: 1952ರಿಂದ ಬರೆಯಬೇಕೋ, 2009ರಿಂದಲೋ?

ರೋಣದ ಓದುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮೂರು ಗದಗ ಜಿಲ್ಲೆಯ ರೋಣ ತಾಲ್ಲೂಕಿನಲ್ಲಿದೆ. 2024ರ ಮೇ 7ರ ಮತದಾನಕ್ಕೆ ಮುಂಚೆ ಮನೆಗೆ ಬಂದ ಮತದಾರರ ಚೀಟಿಯಲ್ಲಿ ‘ಹಾವೇರಿ’ ಎಂದಿದ್ದುದನ್ನು ಕಂಡು, ಮೊದಲ ಸಲ ಮತ ಹಾಕಲಿದ್ದ ನನ್ನ ತಂಗಿ ಬೇರೆ ಯಾರದೋ ಚೀಟಿ ಬಂದಿದೆಯೆಂದು ಅದನ್ನು ಮರಳಿ ಕೊಡಲು ಹೊರಟಿದ್ದಳು. ನರಗುಂದಕ್ಕೆ ಮದುವೆಯಾಗಿ ಹೋದ ಅಕ್ಕನ ಚೀಟಿಯಲ್ಲಿ ‘ಬಾಗಲಕೋಟೆ’ ಎಂದಿತ್ತು. ಒಂದೇ ಜಿಲ್ಲೆಯ ಅಕ್ಕತಂಗಿಯರು ಇಬ್ಬರು ಬೇರೆ ಬೇರೆ ಸಂಸದರನ್ನು ಆರಿಸುವ ಈ ವ್ಯವಸ್ಥೆ ಹೇಗೆ ಬಂತೆಂದು ತಿಳಿಯಬೇಕೆನಿಸಿ, ನಮ್ಮೂರ ಗ್ರಂಥಾಲಯಕ್ಕಾಗಿ ಕ್ಷೇತ್ರದ ಚುನಾವಣಾ ಚರಿತ್ರೆಯನ್ನು ಬರೆಯಲು ಕುಳಿತಿದ್ದೇನೆ. ಹಾವೇರಿಯನ್ನು ಹಳೆಯ ಧಾರವಾಡ ದಕ್ಷಿಣ ಲೋಕಸಭಾ ಕ್ಷೇತ್ರದ ಮುಂದುವರಿಕೆಯೆಂದು ಎಣಿಸಿ 1952ರಿಂದ ಆರಂಭಿಸುವುದು ಸರಿಯೇ? ಇನ್ನೊಂದು ಸಂದೇಹವೂ ಇದೆ. 2023ರಲ್ಲಿ ಈ ಕ್ಷೇತ್ರದ ಎಂಟು ವಿಧಾನಸಭಾ ಸ್ಥಾನಗಳ ಪೈಕಿ ಶಿರಹಟ್ಟಿಯೊಂದನ್ನು ಬಿಟ್ಟು ಏಳನ್ನೂ ಕಾಂಗ್ರೆಸ್ ಗೆದ್ದಿತ್ತು; ಮರುವರ್ಷವೇ ಬಸವರಾಜ ಬೊಮ್ಮಾಯಿಯವರು ಬಿಜೆಪಿಯಿಂದ 43,513 ಮತಗಳ ಅಂತರದಲ್ಲಿ ಗೆದ್ದರು. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಸಾಧನಕೇರಿ

1952ರಿಂದಲೇ ಆರಂಭಿಸಿರಿ, ಆದರೆ ಹಾವೇರಿ, ಧಾರವಾಡ ದಕ್ಷಿಣ ಎರಡನ್ನೂ ಒಂದೇ ಕ್ಷೇತ್ರವೆಂದು ಬರೆಯಬೇಡಿರಿ. ಮೊದಲ ಚುನಾವಣೆಯ ಹೊತ್ತಿಗೆ ನಾವು ಮುಂಬಯಿ ರಾಜ್ಯದಲ್ಲಿದ್ದೆವು. ಧಾರವಾಡ ಉತ್ತರ ಮತ್ತು ಧಾರವಾಡ ದಕ್ಷಿಣ ಎಂಬ ಎರಡು ಕ್ಷೇತ್ರಗಳು ಆಗಲೇ ಇದ್ದವು. ಏಕೀಕರಣದ ನಂತರ, 1957ರಲ್ಲಿ, ಅದೇ ಹೆಸರಿನಲ್ಲಿ ಮೈಸೂರು ರಾಜ್ಯದ ಕ್ಷೇತ್ರಗಳಾಗಿ ಮತ ಹಾಕಿದೆವು. 1997ರಲ್ಲಿ ಗದಗ, ಹಾವೇರಿ ಪ್ರತ್ಯೇಕ ಜಿಲ್ಲೆಗಳಾದರೂ ಲೋಕಸಭಾ ಕ್ಷೇತ್ರಗಳ ಗಡಿ ಬದಲಾಗಿದ್ದು 2008ರ ಪುನರ್ವಿಂಗಡಣೆಯಲ್ಲಿ. ಅದರ ಪ್ರಕಾರ ಹಾವೇರಿ, ಹಾನಗಲ್ಲ, ಬ್ಯಾಡಗಿ, ಹಿರೇಕೆರೂರು, ರಾಣೆಬೆನ್ನೂರುಗಳ ಜೊತೆಗೆ ಗದಗ ಜಿಲ್ಲೆಯ ಶಿರಹಟ್ಟಿ, ಗದಗ, ರೋಣ ಸೇರಿ ಹಾವೇರಿ ಕ್ಷೇತ್ರವಾಯಿತು. ನರಗುಂದ ಬಾಗಲಕೋಟೆ ಕ್ಷೇತ್ರದಲ್ಲಿದೆ. ಧಾರವಾಡ ದಕ್ಷಿಣದಲ್ಲಿದ್ದ ಶಿಗ್ಗಾವಿ, ಹಾವೇರಿ ಜಿಲ್ಲೆಯಲ್ಲೇ ಉಳಿದರೂ, ಧಾರವಾಡ ಲೋಕಸಭಾ ಕ್ಷೇತ್ರಕ್ಕೆ ಹೋಯಿತು. ಹೀಗಾಗಿ 2024ರಲ್ಲಿ ಶಿಗ್ಗಾವಿಯ ಶಾಸಕರಾಗಿದ್ದ ಬೊಮ್ಮಾಯಿಯವರು ಹಾವೇರಿಯಿಂದ ಲೋಕಸಭೆಗೆ ನಿಂತಾಗ, ಅವರ ಸ್ವಂತ ವಿಧಾನಸಭಾ ಕ್ಷೇತ್ರದ ಮತದಾರರು ಅವರಿಗೆ ಮತ ಹಾಕುವಂತಿರಲಿಲ್ಲ.

ಧಾರವಾಡ ಉತ್ತರದ ಬಗ್ಗೆಯೂ ಒಂದು ಮಾತು ಸೇರಿಸಿರಿ. ಹೆಸರು ‘ಧಾರವಾಡ’ ಎಂದಷ್ಟೇ ಆದ ಮೇಲಿನದನ್ನೂ ಹಿಡಿದರೆ ಅಲ್ಲಿ ಈವರೆಗೆ 18 ಸಾರ್ವತ್ರಿಕ ಚುನಾವಣೆಗಳು ನಡೆದಿವೆ, ಗೆದ್ದವರು ಐದೇ ಜನ: ಡಿ.ಪಿ. ಕರಮರಕರ ಎರಡು ಸಲ, ಸರೋಜಿನಿ ಮಹಿಷಿ ನಾಲ್ಕು ಸಲ, ಡಿ.ಕೆ. ನಾಯ್ಕರ ನಾಲ್ಕು ಸಲ, ವಿಜಯ ಸಂಕೇಶ್ವರ ಮೂರು ಸಲ, 2004ರಿಂದ ಸತತ ಐದು ಸಲ ಪ್ರಲ್ಹಾದ ಜೋಶಿ. ಒಮ್ಮೆ ಒಪ್ಪಿಕೊಂಡವರನ್ನು ಬೇಗ ಬಿಟ್ಟುಕೊಡದ ಸ್ವಭಾವ ಈ ಸೀಮೆಯದು ಎಂದು ನನಗೆ ಅನ್ನಿಸುತ್ತದೆ.

ತುಂಗಭದ್ರೆಯ ದಂಡೆ (ಇನ್ನೊಬ್ಬ ಓದುಗರ ಉತ್ತರ)

ದಕ್ಷಿಣದ ಕಥೆ ಇನ್ನೂ ಆಳವಾಗಿದೆ. ಮೊದಲೆರಡು ಸಲ ಟಿ.ಆರ್. ನೇಸ್ವಿ ಗೆದ್ದರು. 1962ರಿಂದ 1999ರವರೆಗಿನ ಹನ್ನೊಂದು ಚುನಾವಣೆಗಳಲ್ಲಿ ಹತ್ತನ್ನು ಕಾಂಗ್ರೆಸ್ ಗೆದ್ದಿತು, ಮತ್ತು ಆ ಹತ್ತೂ ಸಲ ಆರಿಸಿಬಂದವರು ಮುಸ್ಲಿಂ ಸಮುದಾಯದವರು. ಎಫ್.ಎಚ್. ಮೊಹಸಿನ್ ಸತತ ಐದು ಸಲ ಗೆದ್ದರು; ಆಮೇಲೆ 1984ರಲ್ಲಿ ದೂರದ ಮೈಸೂರಿನ ಅಜೀಜ್ ಸೇಠ್, 1989 ಮತ್ತು 1991ರಲ್ಲಿ ಬಿ.ಎಂ. ಮುಜಾಹಿದ್, 1996 ಮತ್ತು 1999ರಲ್ಲಿ ಐ.ಜಿ. ಸನದಿ. ಮುಸ್ಲಿಮರು ಬಹುಸಂಖ್ಯಾತರಲ್ಲದ ಕ್ಷೇತ್ರದಲ್ಲಿ ಲಿಂಗಾಯತರು, ಕುರುಬರು, ದಲಿತರು ಎಲ್ಲರೂ ಕೂಡಿ ನಾಲ್ಕು ದಶಕ ಹೀಗೆ ಮತ ಹಾಕಿದ್ದನ್ನು ನಿಮ್ಮ ಬರಹದಲ್ಲಿ ಒಂದು ಸಾಲಿನಲ್ಲಿ ಮುಗಿಸಬಾರದೆಂದು ಕೇಳಿಕೊಳ್ಳುತ್ತೇನೆ. ನಡುವೆ 1998ರಲ್ಲಿ ಮಾತ್ರ, ರಾಮಕೃಷ್ಣ ಹೆಗಡೆಯವರ ಲೋಕಶಕ್ತಿ ಬಿಜೆಪಿಯೊಡನೆ ಕೈಜೋಡಿಸಿದಾಗ, ಬಿ.ಎಂ. ಮೆಣಸಿನಕಾಯಿ ಗೆದ್ದರು.

2004ರಲ್ಲಿ ಬಿಜೆಪಿಯ ಮಂಜುನಾಥ ಕುನ್ನೂರ ಗೆಲ್ಲುವುದರೊಂದಿಗೆ ಆ ಕಾಲ ಮುಗಿಯಿತು. 1990ರಲ್ಲಿ ವೀರೇಂದ್ರ ಪಾಟೀಲರನ್ನು ಮುಖ್ಯಮಂತ್ರಿ ಸ್ಥಾನದಿಂದ ಇಳಿಸಿದ ಮೇಲೆ ಲಿಂಗಾಯತರ ಮನಸ್ಸು ಕಾಂಗ್ರೆಸ್ಸಿನಿಂದ ದೂರ ಸರಿಯಿತು, ಜನತಾ ಪರಿವಾರ ಒಡೆಯುತ್ತ ಹೋದಂತೆ ಆ ಮತಗಳು ಯಡಿಯೂರಪ್ಪನವರ ಕಡೆಗೆ ಹರಿದವು. ಹುಬ್ಬಳ್ಳಿಯಲ್ಲಿ 1994ರ ಈದ್ಗಾ ಮೈದಾನದ ವಿವಾದವೂ ಉತ್ತರದ ಕ್ಷೇತ್ರದಲ್ಲಿ ತನ್ನ ಕೆಲಸ ಮಾಡಿತು. ಹೊಸ ಹಾವೇರಿಯಲ್ಲಿ ಬಿಜೆಪಿಯ ಶಿವಕುಮಾರ ಉದಾಸಿ 2009, 2014, 2019ರಲ್ಲಿ ಗೆದ್ದರು. ಮೊದಲೆರಡು ಸಲ ಎದುರಾಳಿ ಸಲೀಂ ಅಹ್ಮದ್, ಮೂರನೆಯ ಸಲ ಗದಗಿನ ಡಿ.ಆರ್. ಪಾಟೀಲ. ಮುಸ್ಲಿಂ ಅಭ್ಯರ್ಥಿಯನ್ನು ನಿಲ್ಲಿಸುವ ಹಳೆಯ ರೂಢಿಯನ್ನು ಕಾಂಗ್ರೆಸ್ ಕೈಬಿಟ್ಟಿದ್ದು ಆ ಮೂರನೆಯ ಸಲವೇ.

ಶಾಸಕರು ಒಂದು ಪಕ್ಷದವರು, ಸಂಸದರು ಇನ್ನೊಂದು ಪಕ್ಷದವರು ಎಂಬುದರಲ್ಲಿ ಹೊಸತೇನೂ ಇಲ್ಲ. ಇಂದಿರಾ ಗಾಂಧಿಯವರ ಹತ್ಯೆಯ ನಂತರ, 1984ರ ಡಿಸೆಂಬರಿನಲ್ಲಿ, ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿಗೆ ಬಂದವು. ಮೂರೇ ತಿಂಗಳಿಗೆ ಅದೇ ಮತದಾರರು ವಿಧಾನಸಭೆಯಲ್ಲಿ ಹೆಗಡೆಯವರ ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟರು. ದಿಲ್ಲಿಗೆ ಬೇರೆ, ಬೆಂಗಳೂರಿಗೆ ಬೇರೆ ಅಳತೆಗೋಲು ಇಟ್ಟುಕೊಳ್ಳುವುದನ್ನು ನಮ್ಮವರು ಆಗಿನಿಂದಲೂ ಬಲ್ಲರು.

ರೋಣದ ಓದುಗ

ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ಕ್ಷೇತ್ರದ ಹೆಸರನ್ನು ಬಿಟ್ಟು, ಒಂದೊಂದು ವಿಧಾನಸಭಾ ಕ್ಷೇತ್ರ ಯಾವ ವರ್ಷ ಯಾವ ಲೋಕಸಭಾ ಕ್ಷೇತ್ರದಲ್ಲಿತ್ತು ಎಂಬುದನ್ನು ಹಿಡಿದು ಬರೆಯುತ್ತೇನೆ. ಊರಿನ ಹಿರಿಯರನ್ನು ಮಾತನಾಡಿಸಿದಾಗ ಅವರಿಗೆ ಇಸವಿ ನೆನಪಾಗುವುದಿಲ್ಲ. ಅದಕ್ಕೇನು ಮಾಡಲಿ?

ಸಾಧನಕೇರಿ

ಇಸವಿಯನ್ನು ಕೇಳಬೇಡಿರಿ, ಗುರುತನ್ನು ಕೇಳಿರಿ. ಕಾಂಗ್ರೆಸ್ಸಿನ ಜೋಡೆತ್ತಿಗೆ ಮತ ಹಾಕಿದ ನೆನಪಿದ್ದರೆ ಅದು 1967 ಅಥವಾ ಅದಕ್ಕೂ ಹಿಂದಿನದು. ಆಕಳು-ಕರು ಎಂದರೆ 1971 ಅಥವಾ 1977. ಚರಕದ ಮುಂದೆ ಕುಳಿತ ಹೆಣ್ಣುಮಗಳು ಎಂದರೆ ಪಕ್ಷ ಒಡೆದ ನಂತರದ ನಿಜಲಿಂಗಪ್ಪನವರ ಕಾಂಗ್ರೆಸ್, ಅಂದರೆ 1971. ಕೈ ಗುರುತು ಲೋಕಸಭಾ ಚುನಾವಣೆಗೆ ಬಂದಿದ್ದು 1980ರಲ್ಲಿ. ನನ್ನ ಅಜ್ಜಿಗೆ ಓದು ಬರುತ್ತಿರಲಿಲ್ಲ. ಆದರೆ ಆಕಳು-ಕರುವಿನ ಮೇಲೆ ಮುದ್ರೆ ಒತ್ತಿ, ಮಸಿ ಅಂಟದಂತೆ ಚೀಟಿಯನ್ನು ಮಡಚಿದ್ದನ್ನು ಕೈಯಲ್ಲೇ ಮಾಡಿ ತೋರಿಸುತ್ತಿದ್ದಳು.